ಚ್ಯುತಿ: ಐದು ತಾಲ್ಲೂಕುಗಳ ಚರಿತ್ರೆಯಲ್ಲಿ ಒಂದು ನಾಮಪದದ ಬಳಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. 2021ರಲ್ಲಿ ಈ ಜಿಲ್ಲೆ ರಚನೆಯಾಗುವ ಮುನ್ನ ಇವು ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವಾಗಿದ್ದವು; ಹರಪನಹಳ್ಳಿ ಮಾತ್ರ 1997ರಿಂದ ಕೆಲವು ಕಾಲ ದಾವಣಗೆರೆ ಜಿಲ್ಲೆಯಲ್ಲಿದ್ದು ಮತ್ತೆ ಬಳ್ಳಾರಿಗೆ ಮರಳಿತು. ಈ ಸೀಮೆಯನ್ನು ಕುರಿತ ಬರವಣಿಗೆಯಲ್ಲಿ ‘ಅವನತಿ’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಪಾಳೆಯಗಾರರ ಅವನತಿ, ಊರುಗಳ ಅವನತಿ, ಜನಪದ ಕಲೆಗಳ ಅವನತಿ ಎಂದು ಬೇರೆ ಬೇರೆ ಸಂಗತಿಗಳನ್ನು ಒಂದೇ ಪದದಲ್ಲಿ ಹೇಳಿ ಮುಗಿಸಲಾಗುತ್ತದೆ. ಇದು ಕೇವಲ ಶೈಲಿಯ ಪ್ರಶ್ನೆಯಲ್ಲ. ನಾಮಪದದ ಆಯ್ಕೆ ತಪ್ಪಿದಲ್ಲಿ ಚರಿತ್ರೆಯ ಕರ್ತೃವೂ ಕಣ್ಮರೆಯಾಗುತ್ತಾನೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ಕೆಳಗಿಳಿಯುವ ಕ್ರಿಯೆಯನ್ನು ಸೂಚಿಸುವ ನಾಮಪದಗಳು ಹಲವಿವೆ. ಇಳಿ, ಕುಸಿ, ಜಾರು, ಅಳಿ ಎಂಬ ಧಾತುಗಳಿಂದ ಇಳಿತ, ಇಳಿಕೆ, ಕುಸಿತ, ಜಾರಿಕೆ, ಅಳಿವು ಎಂಬ ರೂಪಗಳು ಬಂದಿವೆ. ಸಂಸ್ಕೃತದಿಂದ ಅವನತಿ, ಪತನ, ಚ್ಯುತಿ ಬಂದಿವೆ. ದಿನಬಳಕೆಯಲ್ಲಿ ಇವು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ಜ್ವರದ್ದು ಇಳಿತ, ಗೋಡೆಯದ್ದು ಕುಸಿತ. ಇಳಿದದ್ದು ಮತ್ತೆ ಏರಬಹುದು. ಕುಸಿದದ್ದನ್ನು ಹೊಸದಾಗಿ ಕಟ್ಟಬೇಕು. ಉಳ್ಳಾಗಡ್ಡಿ ಅಗ್ಗವಾದಾಗ ಕೊಳ್ಳುವವನಿಗೆ ಅದು ಬೆಲೆಯ ಇಳಿಕೆ, ಬೆಳೆದವನಿಗೆ ಬೆಲೆಯ ಕುಸಿತ. ಸಂಗತಿ ಒಂದೇ ಆದರೂ ಪದ ಹೇಳುವವನ ನೆಲೆಯನ್ನು ತಿಳಿಸುತ್ತದೆ.

ಇವುಗಳಲ್ಲಿ ‘ಚ್ಯುತಿ’ಯ ಸ್ವಭಾವ ವಿಶಿಷ್ಟವಾದುದು. ಇದರ ಮೂಲಾರ್ಥ ಜಾರುವುದು, ಇದ್ದ ನೆಲೆಯಿಂದ ಕಳಚಿ ಬೀಳುವುದು. ಜಾರದವನು ಎಂಬ ಅರ್ಥದಲ್ಲಿಯೇ ವಿಷ್ಣುವಿಗೆ ಅಚ್ಯುತ ಎಂಬ ಹೆಸರಿದೆ. ಕನ್ನಡ ವಾಕ್ಯದಲ್ಲಿ ಈ ಪದ ಸಾಮಾನ್ಯವಾಗಿ ಚತುರ್ಥಿಯನ್ನು ಬೇಡುತ್ತದೆ. ‘ಮನೆತನದ ಗೌರವಕ್ಕೆ ಚ್ಯುತಿ ಬಂತು’ ಎನ್ನುತ್ತೇವೆ; ‘ಬೆಲೆಗೆ ಚ್ಯುತಿ ಬಂತು’ ಎನ್ನುವುದಿಲ್ಲ. ಗೌರವ, ಹಕ್ಕು, ಪದವಿ, ಶಾಂತಿಗಳಂತೆ ಕಾಪಾಡಿಕೊಳ್ಳಬೇಕಾದ ನೆಲೆಯಿದ್ದಲ್ಲಿ ಮಾತ್ರ ಚ್ಯುತಿ. ಜೊತೆಗೆ ‘ಚ್ಯುತಿ ಬಂತು’ ಮತ್ತು ‘ಚ್ಯುತಿ ತಂದರು’ ಎಂಬ ಎರಡು ಪ್ರಯೋಗಗಳಿವೆ. ಮೊದಲನೆಯದರಲ್ಲಿ ಕರ್ತೃ ಮರೆಯಾಗುತ್ತಾನೆ, ಎರಡನೆಯದರಲ್ಲಿ ಹೊರಬರುತ್ತಾನೆ. ಯಾವುದರಿಂದ ಜಾರಿತು, ಯಾರು ಜಾರಿಸಿದರು ಎಂಬ ಎರಡು ಪ್ರಶ್ನೆಗಳನ್ನು ಈ ಪದ ತನ್ನೊಡನೆಯೇ ತರುತ್ತದೆ.

ಈ ಪ್ರಶ್ನೆಗಳನ್ನು ಪಾಳೆಯಗಾರರ ಚರಿತ್ರೆಗೆ ಅನ್ವಯಿಸಿ ನೋಡಬಹುದು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳು ಈ ಸೀಮೆಯ ಪ್ರಮುಖ ಪಾಳೆಯಪಟ್ಟುಗಳು. ಹದಿನೆಂಟನೆಯ ಶತಮಾನದ ನಡುಭಾಗದ ಮಾಯಕೊಂಡ ಕಾಳಗದಲ್ಲಿ ಚಿತ್ರದುರ್ಗದ ನಾಯಕನ ವಿರುದ್ಧ ಗೆದ್ದ ಪಕ್ಷದಲ್ಲಿ ಹರಪನಹಳ್ಳಿಯ ಸೋಮಶೇಖರನಾಯಕನಿದ್ದನು. ಅನಂತರ ಹೈದರ್ ಮತ್ತು ಟಿಪ್ಪುವಿನ ಒತ್ತಡದಲ್ಲಿ ಪಾಳೆಯಪಟ್ಟುಗಳ ಬಲ ಕುಗ್ಗಿದ್ದು ನಿಜ. ಆದರೆ ಅವು ಮುಗಿದ ಬಗೆ ಬೇರೆ. 1800ರ ಅಕ್ಟೋಬರ್ 12ರ ಒಪ್ಪಂದದಂತೆ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲಗಳ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದನು. ಆ ಮಂಡಲಗಳಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಅವರಲ್ಲಿ ಹಲವರ ಸೈನ್ಯವನ್ನು ವಿಸರ್ಜಿಸಿ, ಕೆಲವರನ್ನು ಹೊರಹಾಕಿ, ಕೆಲವರಿಗೆ ವಿಶ್ರಾಂತಿವೇತನ ಗೊತ್ತುಮಾಡಲಾಯಿತು. ಈ ಕ್ರಮದ ಕಾಠಿಣ್ಯವನ್ನು ಕಂಪನಿಯ ನಿರ್ದೇಶಕ ಮಂಡಳಿಯೇ ಆಕ್ಷೇಪಿಸಿತ್ತು. ಇದನ್ನು ಅವನತಿ ಎಂದರೆ ತಾನಾಗಿ ಬಾಗಿ ಮುಗಿದಂತಾಗುತ್ತದೆ. ಸರಿಯಾದ ಪದ ಪದಚ್ಯುತಿ. ‘ಪಾಳೆಯಗಾರರು ಪದಚ್ಯುತರಾದರು’ ಎನ್ನುವುದಕ್ಕಿಂತ ‘ಕಂಪನಿ ಅವರನ್ನು ಪದಚ್ಯುತಗೊಳಿಸಿತು’ ಎನ್ನುವುದು ಇನ್ನೂ ಸರಿ.

ಚ್ಯುತಿ ಬಂದದ್ದು ಅರಮನೆಗೆ ಮಾತ್ರವಲ್ಲ. ಪಾಳೆಯಪಟ್ಟುಗಳ ಸೈನಿಕ ಸೇವೆಯನ್ನೂ ಕಾವಲನ್ನೂ ಆಶ್ರಯಿಸಿದ್ದ ಬೇಡ ಮತ್ತಿತರ ಸಮುದಾಯಗಳ ಬದುಕಿನ ನೆಲೆಯೂ ಆ ಮೂಲಕ ಕಳಚಿತು. ‘ಪಾಳೆಯಗಾರರ ಅವನತಿ’ ಎಂಬ ಶೀರ್ಷಿಕೆಯ ಕೆಳಗೆ ಇವರಿಗೆ ಜಾಗವಿಲ್ಲ. ಆದರೆ ಕೂಡ್ಲಿಗಿ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನೂ ಅವುಗಳನ್ನು ಕಾಯುವ ಕಿಲಾರಿಯ ಪದವಿಯನ್ನೂ ಉಳಿಸಿಕೊಂಡು ಬಂದಿದ್ದಾರೆ. ರಾಜಕೀಯ ನೆಲೆ ಜಾರಿದ ಮೇಲೂ ಆಚರಣೆಯ ನೆಲೆ ಜಾರಲಿಲ್ಲ. ಈ ವ್ಯತ್ಯಾಸ ‘ಅವನತಿ’ಯಲ್ಲಿ ಕಾಣಿಸುವುದಿಲ್ಲ.

ಎರಡನೆಯ ನಿದರ್ಶನ 1876–78ರ ಬರ. ಧಾತು ಮತ್ತು ಈಶ್ವರ ಸಂವತ್ಸರಗಳ ಹೆಸರಿನಿಂದ ಜನ ಇದನ್ನು ನೆನೆಯುತ್ತಾರೆ. ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871ರಲ್ಲಿ ಸುಮಾರು 9.1 ಲಕ್ಷವಿದ್ದುದು 1881ರಲ್ಲಿ ಸುಮಾರು 7.4 ಲಕ್ಷವಾಯಿತು, 1891ರ ಹೊತ್ತಿಗೆ 8.8 ಲಕ್ಷಕ್ಕೆ ಏರಿತು. ಅಂಕಿಗಳ ಮಟ್ಟಿಗೆ ಇದು ಇಳಿಕೆ, ಏಕೆಂದರೆ ಮತ್ತೆ ಏರಿಕೆಯಾಯಿತು. ಆದರೆ ದೀಪ ಹಚ್ಚುವವರಿಲ್ಲದೆ ಹೋದ ಮನೆತನಗಳ ಪಾಲಿಗೆ ಅದು ಅಳಿವು. ಅದೇ ಬರದಲ್ಲಿ ರಿಚರ್ಡ್ ಟೆಂಪಲ್‌ನ ಶಿಫಾರಸಿನಂತೆ ಪರಿಹಾರ ಕಾಮಗಾರಿಯ ವಯಸ್ಕ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಗೆ ತರಲಾಯಿತು. ಇದು ಇಳಿಕೆಯಲ್ಲ, ಕಡಿತ. ಕಡಿದ ಕೈಯೊಂದು ಇತ್ತು.

ತುಂಗಭದ್ರಾ ಜಲಾಶಯದ ವಿಷಯವೂ ಹೀಗೆಯೇ. 1953ರಲ್ಲಿ ನೀರು ನಿಂತಾಗ ಹಗರಿಬೊಮ್ಮನಹಳ್ಳಿ ಮತ್ತು ಹೊಸಪೇಟೆ ಸೀಮೆಯ ನದಿದಂಡೆಯ ಊರುಗಳು ಮುಳುಗಿದವು. ಬೇಸಿಗೆಯಲ್ಲಿ ಹಿನ್ನೀರಿನ ಇಳಿತವಾದಾಗ ಹಳೆಯ ನೆಲ ಕಾಣುತ್ತದೆ. ನೀರಿಗೆ ಇಳಿತವುಂಟು; ಮುಳುಗಿದ ಊರಿಗೆ ಇದ್ದದ್ದು ಸ್ಥಾನಚ್ಯುತಿ. ಊರುಗಳು ಅವನತಿ ಹೊಂದಲಿಲ್ಲ, ಅವುಗಳನ್ನು ಎಬ್ಬಿಸಲಾಯಿತು.

ಕೆಳಮುಖವಾದ ಚಲನೆಯೆಲ್ಲವೂ ಹಿನ್ನಡೆಯಲ್ಲ ಎಂಬುದಕ್ಕೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಸಾಕ್ಷಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ಜನಸ್ತೋಮವನ್ನು ಸುಮ್ಮನಾಗಿಸಿ, ನುಡಿಯೊಂದನ್ನು ಹೇಳಿ ಕೆಳಕ್ಕೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಇದನ್ನು ಯಾರೂ ಪತನವೆನ್ನುವುದಿಲ್ಲ. ಆ ನುಡಿಯಿಂದ ಮಳೆ, ಬೆಳೆ, ರಾಜಕಾರಣಗಳ ಭವಿಷ್ಯವನ್ನು ಬಿಡಿಸಿಕೊಳ್ಳುತ್ತಾರೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರ ರಥ ಉರುಳಿತು. ಬಳಿಕ ಹೊಸ ರಥ ಬಂದು ಉತ್ಸವ ಮುಂದುವರಿಯಿತು. ಉರುಳಿದ್ದು ರಥ, ಪರಂಪರೆಗೆ ಚ್ಯುತಿ ಬರಲಿಲ್ಲ.

ಕ್ಷೇತ್ರಕಾರ್ಯದಲ್ಲಿ ‘ಎಲ್ಲಾ ಹೋತು’ ಎಂಬ ಮಾತು ಕೇಳಿಬಂದಾಗ ಅದನ್ನು ‘ಅವನತಿ’ ಎಂದು ಬರೆದುಕೊಳ್ಳುವುದು ಸುಲಭ. ಏನು ಹೋಯಿತು, ಎಲ್ಲಿಂದ ಹೋಯಿತು, ಯಾರು ಕೊಂಡುಹೋದರು, ಏನು ಉಳಿಯಿತು ಎಂದು ಕೇಳಿದ ಮೇಲೆಯೇ ಸರಿಯಾದ ನಾಮಪದ ದೊರೆಯುತ್ತದೆ. ಕಲೆಯೊಂದನ್ನು ‘ಅಳಿವಿನ ಅಂಚಿನಲ್ಲಿದೆ’ ಎಂದು ದಾಖಲಿಸುವ ಮುನ್ನ ಅದಕ್ಕಿದ್ದ ಜಮೀನು, ಧಾನ್ಯದ ಪಾಲು, ಮರ್ಯಾದೆಗಳಿಗೆ ಚ್ಯುತಿ ತಂದವರು ಯಾರು ಎಂದು ವಿಚಾರಿಸಬೇಕು. ಅಳಿವಿಗೆ ಶೋಕವಷ್ಟೇ ಉಳಿದಿರುತ್ತದೆ. ಚ್ಯುತಿಯನ್ನು ಸರಿಪಡಿಸಲು ಅವಕಾಶವಿದೆ.