ಗುಜರಿ ತಕ್ಕಡಿಯಲ್ಲಿ ಕುದುರೆಮುಖ



ಮುರಿದ ಗುದ್ದಲಿ, ತಳ ಹೋದ ಬಾಂಡಲೆ, ತುಕ್ಕು ಹಿಡಿದ ಸೈಕಲ್ಲು - ಇಂಥ ಒಂದೆರಡು ವಸ್ತುಗಳಾದರೂ ನಿಮ್ಮ ಮನೆಯ ಹಿತ್ತಲಲ್ಲೋ ಅಟ್ಟದ ಮೇಲೋ ಬಿದ್ದಿರುತ್ತವೆ. ಗುಜರಿಯವನಿಗೆ ಕೊಟ್ಟರೆ ನಾಲ್ಕು ಕಾಸು ಬರುತ್ತದೆಂದು ನಿಮಗೆ ಗೊತ್ತು. ಅವನು ಹಿಡಿದ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತೂಕದ ಬಟ್ಟಿನ ಜೊತೆಗೆ ಒಂದು ಬೆಟ್ಟವೂ ಕುಳಿತಿದೆ ಎಂದರೆ ಮಾತ್ರ ನೀವು ನಗಬಹುದು. ಇದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು. ಆ ಲೆಕ್ಕವನ್ನು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಚರಿತ್ರೆಯಿಂದಲೇ ಮಾಡಿ ನೋಡಬಹುದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800-01ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಬ್ಬಿಣ ತೆಗೆಯುವ ಬಗೆಯನ್ನೂ ಅವನು ವಿವರವಾಗಿ ದಾಖಲಿಸಿದ್ದಾನೆ. ಮಳೆ ತೊಳೆದು ತೊರೆಗಳಿಗೆ ತಂದ ಕರಿ ಮರಳು, ಇದ್ದಿಲು, ಮಣ್ಣಿನ ಸಣ್ಣ ಕುಲುಮೆ, ಚರ್ಮದ ತಿದಿ - ಇಷ್ಟೇ ಸಲಕರಣೆ. ಹಗಲಿಡೀ ತಿದಿ ಒತ್ತಿ, ಬುಟ್ಟಿಗಟ್ಟಲೆ ಇದ್ದಿಲು ಸುಟ್ಟರೆ ಕೈಗೆ ಬರುವುದು ಒಂದು ಸಣ್ಣ ಕಬ್ಬಿಣದ ಮುದ್ದೆ. ಅದನ್ನು ಬಡಿದು ಬಡಿದು ಕಿಟ್ಟ ತೆಗೆದ ಮೇಲೆ ಇನ್ನೂ ಚಿಕ್ಕದಾಗುತ್ತಿತ್ತು. ಇಷ್ಟು ದುಡಿದು ತೆಗೆದ ಕಬ್ಬಿಣವನ್ನು ಯಾರು ಎಸೆಯುತ್ತಾರೆ? ಸವೆದ ನೇಗಿಲ ಗುಳ ಕಮ್ಮಾರನ ಕೈಯಲ್ಲಿ ಕುಡುಗೋಲಾಗುತ್ತಿತ್ತು, ಕುಡುಗೋಲು ಸವೆದು ಮೊಳೆಯಾಗುತ್ತಿತ್ತು. ‘ಮರುಬಳಕೆ’ ಎಂಬ ಪದ ಆಗ ಬೇಕಾಗಿರಲಿಲ್ಲ. ಬಳಕೆ ಎಂದರೇ ಅದು.

ಮಲೆನಾಡಿನ ಕಾಫಿ ಸೀಮೆಗಂತೂ ಇನ್ನೊಂದು ಕಾರಣವಿತ್ತು. ಘಾಟಿ ಹತ್ತಿಸಿ ತಂದ ಪ್ರತಿ ವಸ್ತುವಿಗೂ ಹೊರೆ ಕೂಲಿ ಸೇರುತ್ತಿತ್ತು. ಆದ್ದರಿಂದ ಮೂಡಿಗೆರೆ, ಕಳಸದ ಕಡೆ ಬಂದ ವಸ್ತು ಸುಲಭವಾಗಿ ಹಿಂದಿರುಗುತ್ತಿರಲಿಲ್ಲ. ಗೋಣಿಚೀಲ ಹರಿದರೆ ಮಳೆಗೆ ಕೊಪ್ಪೆ, ಕೊಪ್ಪೆ ಹರಿದರೆ ಕಾಲೊರೆಸು. ಸೀಮೆಎಣ್ಣೆ ಡಬ್ಬ ನೀರು ಹೊರುವ ಕೊಡ. ಅದು ತೂತಾದರೆ ಬಿಡಿಸಿ ಚಪ್ಪಟೆ ಮಾಡಿ ಕೊಟ್ಟಿಗೆಗೆ ತಗಡು. ಕಾಫಿ ಹಣ್ಣಿನ ಸಿಪ್ಪೆ ಗುಂಡಿಯಲ್ಲಿ ಕೊಳೆತು ಗೊಬ್ಬರ. ಕಿತ್ತ ಕಾಫಿ ಬುಡಕ್ಕೆ ಮೇಲೊಂದು ಗಾಜು ಇಟ್ಟರೆ ಟೀಪಾಯಿ - ಇದು ಇಂದಿಗೂ ಆ ಕಡೆಯ ಹಲವು ಮನೆಗಳ ಜಗಲಿಯಲ್ಲಿ ಕಾಣುತ್ತದೆ. ಲಾರಿಗಳು ಬಂದ ಮೇಲೆ ಕಮ್ಮಾರರು ಮುರಿದ ಸ್ಪ್ರಿಂಗ್ ಪಟ್ಟಿಗಳನ್ನು ಕಾಯಿಸಿ ಕತ್ತಿ ಮಾಡತೊಡಗಿದರು. ಇದರಲ್ಲಿ ಒಳ್ಳೆಯ ಲೋಹಶಾಸ್ತ್ರ ಅಡಗಿದೆ. ಸ್ಪ್ರಿಂಗಿನ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚು. ಕೆಂಪಗೆ ಕಾಯಿಸಿ ತಣಿಸಿದರೆ ಅದು ಗಡಸಾಗಿ, ಬಾಯಿ ಬೇಗ ಮೊಂಡಾಗುವುದಿಲ್ಲ. ಮನೆ ಕಟ್ಟುವ ಮೃದು ಸರಳಿನಿಂದ ಅಂಥ ಕತ್ತಿ ಬಾರದು. ಕಮ್ಮಾರನಿಗೆ ಇಂಗಾಲದ ಶೇಕಡಾವಾರು ಗೊತ್ತಿರಲಿಲ್ಲ, ಯಾವ ಗುಜರಿ ಯಾವುದಕ್ಕೆ ಎಂಬುದು ಗೊತ್ತಿತ್ತು.

20ನೆಯ ಶತಮಾನದಲ್ಲಿ ಈ ಬೆಟ್ಟಗಳ ಕಬ್ಬಿಣಕ್ಕೆ ಬೇರೆಯೇ ಕಣ್ಣು ಬಿತ್ತು. 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು ಕುದುರೆಮುಖ ಶ್ರೇಣಿಯ ಅದಿರನ್ನು ಗುರುತಿಸಿದರು. ಆದರೆ ದಟ್ಟ ಕಾಡು, ಜಿಗಣೆ, ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಸುರಿಯುವ ಮಳೆ. ಅದಿರೂ ಬಡ ಅದಿರು. ಹೀಗಾಗಿ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಕಾಗದದಲ್ಲೇ ಉಳಿಯಿತು. ಈ ನಡುವೆ 1918ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸತೊಡಗಿತು. ಅದಕ್ಕೆ ಅದಿರು ಬಂದದ್ದು ಇದೇ ಜಿಲ್ಲೆಯ ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಮರಗಳಿಂದ. ಇಲ್ಲಿ ಒಂದು ಮಾತು ಹೇಳಲೇಬೇಕು. ಕಟ್ಟಿಗೆಯನ್ನು ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಅವರು ಬಿಡಲಿಲ್ಲ. ಅದನ್ನು ತಣಿಸಿ ಮಿಥೈಲ್ ಆಲ್ಕೋಹಾಲ್, ಡಾಂಬರು ಮೊದಲಾದವನ್ನು ತೆಗೆದರು. ಹೊಗೆಯನ್ನೂ ಮಾರಿದವರು, ಮರವನ್ನು ಮಾತ್ರ ಲೆಕ್ಕವಿಲ್ಲದಷ್ಟು ಕಡಿದರು ಎಂಬುದೂ ನಿಜ.

ಕುದುರೆಮುಖದ ಸರದಿ ಬಂದದ್ದು 1970ರ ದಶಕದಲ್ಲಿ, ಅದೂ ಇರಾನಿನ ಹಣದಿಂದ. ತೈಲದ ಬೆಲೆ ಏರಿ ಹಣ ಕೂಡಿಸಿದ್ದ ಇರಾನ್ 1975ರಲ್ಲಿ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು. 63 ಕೋಟಿ ಡಾಲರ್ ಸಾಲ ಕೊಡುತ್ತೇವೆ, 15 ಕೋಟಿ ಟನ್ ಅದಿರುಪುಡಿಯನ್ನು ನಾವೇ ಕೊಳ್ಳುತ್ತೇವೆ ಎಂಬುದು ಅದರ ಸಾರ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಮಲ್ಲೇಶ್ವರದಲ್ಲಿ ಪಟ್ಟಣ ಎದ್ದಿತು, ಶಾಲೆ, ಆಸ್ಪತ್ರೆ ಬಂದವು. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಪದಚ್ಯುತನಾದ, ಕೊಳ್ಳುವವನೇ ಇಲ್ಲವಾದ. ಗಣಿ ಸಿದ್ಧ, ಗಿರಾಕಿ ಇಲ್ಲ! ಬೇರೆ ಗಿರಾಕಿಗಳನ್ನು ಹುಡುಕಿ 1981ರಲ್ಲಿ ಮೊದಲ ಹಡಗನ್ನು ರೊಮೇನಿಯಾಕ್ಕೆ ಕಳಿಸಲಾಯಿತು. ಮುಂದೆ 1987ರಲ್ಲಿ ಪುಡಿಯನ್ನು ಪೆಲೆಟ್ ಎಂಬ ಸಣ್ಣ ಉಂಡೆ ಮಾಡುವ ಕಾರ್ಖಾನೆ ಮಂಗಳೂರಿನಲ್ಲಿ ಆರಂಭವಾಯಿತು.

ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲು ಹಿಡಿದು ಕುಳಿತರೆ ಒಳ್ಳೆಯದು. ಕುದುರೆಮುಖದ ಬಂಡೆ ಮ್ಯಾಗ್ನೆಟೈಟ್ ಮತ್ತು ಬೆಣಚುಕಲ್ಲು ಬೆರೆತದ್ದು. ಅದರಲ್ಲಿ ಕಬ್ಬಿಣ ಶೇಕಡಾ 38ರ ಆಸುಪಾಸು ಮಾತ್ರ. ಬಂಡೆಯನ್ನು ಸಿಡಿಸಿ, ಒಡೆದು, ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತ ಮತ್ತಿತರ ವಿಧಾನಗಳಿಂದ ಕಬ್ಬಿಣದ ಕಣಗಳನ್ನು ಬೇರ್ಪಡಿಸಿದಾಗ ಶೇಕಡಾ 67ರಷ್ಟು ಕಬ್ಬಿಣವಿರುವ ಪುಡಿ ಸಿಗುತ್ತಿತ್ತು. ಆ ಪುಡಿ ನೀರಿನೊಡನೆ ಗಂಜಿಯಂತೆ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿನ ಬಂದರು ಸೇರುತ್ತಿತ್ತು. ವರ್ಷಕ್ಕೆ ಸುಮಾರು 2 ಕೋಟಿ 25 ಲಕ್ಷ ಟನ್ ಬಂಡೆ ಒಡೆದು 75 ಲಕ್ಷ ಟನ್ ಪುಡಿ ತೆಗೆಯುವಂತೆ ಸ್ಥಾವರವನ್ನು ರೂಪಿಸಲಾಗಿತ್ತು. ಅಂದರೆ ಮೂರಕ್ಕೆ ಒಂದು. ಉಳಿದ ಎರಡು ಪಾಲು? ಅದು ಕೆಸರಾಗಿ ಲಕ್ಯಾ ಹೊಳೆಗೆ ಕಟ್ಟಿದ 100 ಮೀಟರ್ ಎತ್ತರದ ಅಣೆಕಟ್ಟೆಯ ಹಿಂದೆ ಹೋಗಿ ನಿಂತಿತು. ನಮ್ಮ ನಾಡಿನಲ್ಲಿ ಅಣೆಕಟ್ಟೆಯೆಂದರೆ ನೀರು ನಿಲ್ಲಿಸಲು. ಲಕ್ಯಾ ಅಣೆಕಟ್ಟೆಯನ್ನು ಕಟ್ಟಿದ್ದು ಕಸ ನಿಲ್ಲಿಸಲು.

ಲಕ್ಯಾ ಹೊಳೆ ಸೇರುವುದು ಭದ್ರೆಯನ್ನು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಸಾಲಿನಲ್ಲಿದೆ. ಭದ್ರೆ ಕಳಸ, ಬಾಳೆಹೊನ್ನೂರು ಹಾದು, ಲಕ್ಕವಳ್ಳಿಯ ಜಲಾಶಯ ತುಂಬಿ, ಭದ್ರಾವತಿಯ ಮೂಲಕ ಬಯಲುಸೀಮೆಯ ಗದ್ದೆಗಳಿಗೆ ನೀರುಣಿಸುತ್ತಾಳೆ. ಮಳೆಗಾಲದಲ್ಲಿ ಗಣಿಯ ಮಣ್ಣು ಈ ನದಿಯನ್ನು ಸೇರುತ್ತಿದೆ ಎಂಬುದೇ ಮುಂದೆ ನಡೆದ ಹೋರಾಟದ ಒಂದು ಮುಖ್ಯ ಅಂಶವಾಯಿತು. 1987ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿತ್ತು, 1999ಕ್ಕೆ ಗಣಿ ಗುತ್ತಿಗೆಯ ಅವಧಿ ಮುಗಿದಿತ್ತು. ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಗೆಲುವೆಂದು ಹೇಳಿದವರುಂಟು. ಅದೇ ದಿನ ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಬಿಟ್ಟು ಘಟ್ಟ ಇಳಿದವರೂ ಉಂಟು. ಚರಿತ್ರೆ ಬರೆಯುವವರು ಎರಡನ್ನೂ ಬರೆಯಬೇಕು. ಪಟ್ಟಣದ ಬಹಳಷ್ಟು ಮನೆಗಳು ಖಾಲಿಯಾದವು. ಬಳಸಬಹುದಾಗಿದ್ದ ಕಟ್ಟಡಗಳಿಗೆ ಮಲೆನಾಡಿನ ಮಳೆ ಏನು ಮಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನು ಗುಜರಿಯ ಅಂಗಡಿಗೆ ಹೋಗೋಣ. ಕಿರುತೆರೆಯಲ್ಲಿ ಗಣಿಯ ಸ್ಫೋಟ ತೋರಿಸಿದರೆ ಜನ ಕಣ್ಣು ಮಿಟುಕಿಸದೆ ನೋಡುತ್ತಾರೆ. ಗುಜರಿ ಅಂಗಡಿ ತೋರಿಸಿದರೆ ಎದ್ದು ನೀರು ಕುಡಿಯಲು ಹೋಗುತ್ತಾರೆ. ಅದಕ್ಕೇ ಈ ಭಾಗವನ್ನು ಬರೆದು ಹೇಳುತ್ತಿದ್ದೇನೆ.

ಅದಿರೆಂದರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಊದುಕುಲುಮೆಯಲ್ಲಿ ಕಲ್ಲಿದ್ದಲನ್ನು ಸುಡುವುದು ಕರಗಿಸಲು ಮಾತ್ರವಲ್ಲ, ಆ ಆಮ್ಲಜನಕವನ್ನು ಕಿತ್ತು ತೆಗೆಯಲು. ನಿಮ್ಮ ಪಠ್ಯಪುಸ್ತಕ ಇದನ್ನು ಅಪಕರ್ಷಣೆ ಎನ್ನುತ್ತದೆ. ಇಡೀ ಉದ್ಯಮದ ಕಷ್ಟ, ಹೊಗೆ, ಖರ್ಚು ಬಹುಪಾಲು ಅಲ್ಲಿದೆ. ನಿಮ್ಮ ಮನೆಯ ಮುರಿದ ಗುದ್ದಲಿಗೆ ಆ ಕೆಲಸ ಎಂದೋ ಮುಗಿದಿದೆ. ಅದನ್ನು ಕರಗಿಸಿದರೆ ಸಾಕು. 1865ರಲ್ಲಿ ಫ್ರಾನ್ಸಿನ ಮಾರ್ಟಿನ್ ಎಂಬಾತ ಸೀಮನ್ಸ್ ಕುಲುಮೆಯಲ್ಲಿ ಹಳೆ ಕಬ್ಬಿಣವನ್ನು ಬೆರೆಸಿ ಉಕ್ಕು ಮಾಡಿ ತೋರಿಸಿದ. ಅಂದಿನಿಂದ ಗುಜರಿ ಜಗತ್ತಿನ ದೊಡ್ಡ ಕಾರ್ಖಾನೆಗಳಿಗೆ ಕಚ್ಚಾಸಾಮಗ್ರಿಯಾಯಿತು. ಆಮೇಲೆ ವಿದ್ಯುತ್ ಕುಲುಮೆಗಳು ಬಂದು ಬರಿಯ ಗುಜರಿಯಿಂದಲೇ ಉಕ್ಕು ಮಾಡುವುದು ಸಾಧ್ಯವಾಯಿತು. ವಿಶ್ವ ಉಕ್ಕು ಸಂಘದ ಅಂದಾಜಿನಂತೆ ಒಂದು ಟನ್ ಗುಜರಿ ಬಳಸಿದರೆ ಸುಮಾರು 1.4 ಟನ್ ಅದಿರು, 740 ಕಿಲೋ ಕಲ್ಲಿದ್ದಲು, 120 ಕಿಲೋ ಸುಣ್ಣಕಲ್ಲು ಉಳಿಯುತ್ತದೆ. ಆ 1.4 ಟನ್ ಶುದ್ಧಗೊಳಿಸಿದ ಒಳ್ಳೆಯ ಅದಿರು ಎಂಬುದನ್ನು ನೆನಪಿಡಿ. ಕುದುರೆಮುಖದಂಥ ಬಡ ಬಂಡೆಯಾದರೆ ಅದನ್ನು ಮೂರರಿಂದ ಗುಣಿಸಬೇಕು. ಹೀಗೆ ಲೆಕ್ಕ ಹಾಕಿದರೆ ಒಂದು ಕಿಲೋ ಕಬ್ಬಿಣಕ್ಕೆ ಹೆಚ್ಚುಕಡಿಮೆ ನಾಲ್ಕೂವರೆ ಕಿಲೋ ಬಂಡೆ ಒಡೆಯಬೇಕು, ಮೂರು ಕಿಲೋ ಕೆಸರು ಎಲ್ಲಾದರೂ ಇಡಬೇಕು. 18 ಕಿಲೋ ತೂಗುವ ಹಳೆಯ ಕಬ್ಬಿಣದ ಸೈಕಲ್ಲೆಂದರೆ 80 ಕಿಲೋ ಬೆಟ್ಟ.

ಗುಜರಿಯವನು ಮಾಡುವುದು ಬರಿಯ ತೂಕದ ಕೆಲಸವೂ ಅಲ್ಲ. ಅವನ ಅಂಗಡಿಯಲ್ಲಿ ಬೀಡು ಬೇರೆ, ತಗಡು ಬೇರೆ, ಸರಳು ಬೇರೆ, ತಾಮ್ರ ಹಿತ್ತಾಳೆ ಬೇರೆ. ಹಳೆಯ ಮೋಟಾರಿನಿಂದ ತಾಮ್ರದ ತಂತಿಯನ್ನು ಅವನು ಬಿಡಿಸುವುದು ತಾಮ್ರದ ಬೆಲೆಗಾಗಿ ಎಂಬುದು ಸರಿ. ಆದರೆ ಉಕ್ಕಿನ ಕುಲುಮೆಗೆ ಅದರಿಂದ ಬಹಳ ಉಪಕಾರವಾಗುತ್ತದೆ. ಕರಗಿದ ಉಕ್ಕಿನಲ್ಲಿ ಒಮ್ಮೆ ಬೆರೆತ ತಾಮ್ರವನ್ನು ಮತ್ತೆ ತೆಗೆಯುವುದು ತೀರ ಕಷ್ಟ, ಅದು ಹೆಚ್ಚಾದರೆ ಕಾಯಿಸಿ ತಟ್ಟುವಾಗ ಉಕ್ಕು ಬಿರಿಯುತ್ತದೆ. ಅಯಸ್ಕಾಂತದಿಂದ ಕಬ್ಬಿಣ ಎತ್ತುವುದಂತೂ ಕುದುರೆಮುಖದ ಸ್ಥಾವರದ ವಿದ್ಯೆಯೇ. ಬೆಂಗಳೂರಿನ ಜಾಲಿ ಮೊಹಲ್ಲಾದಿಂದ ಮೂಡಿಗೆರೆಯ ಸಂತೆಬೀದಿಯವರೆಗೆ ಮಸಿ ಹತ್ತಿದ ಕೈಗಳಲ್ಲಿ ಇದನ್ನು ಮಾಡುವವರಿಗೆ ನಾವು ‘ಗುಜರಿಯವನು’ ಎಂಬುದಕ್ಕಿಂತ ಹೆಚ್ಚಿನ ಹೆಸರು ಕೊಟ್ಟಿಲ್ಲ, ನಮ್ಮ ಪಠ್ಯಪುಸ್ತಕಗಳಲ್ಲಿ ಜಾಗವನ್ನೂ ಕೊಟ್ಟಿಲ್ಲ.

ಹಾಗಾದರೆ ಗುಜರಿಯಿಂದಲೇ ದೇಶದ ಉಕ್ಕೆಲ್ಲ ಬರುತ್ತದೆಯೇ ಎಂದು ನೀವು ಕೇಳಬಹುದು. ಸದ್ಯಕ್ಕೆ ಇಲ್ಲ. ಇಂದು ಕಟ್ಟಿದ ಸೇತುವೆ ಗುಜರಿಯಾಗಲು ಹಲವು ದಶಕ ಬೇಕು, ಅಷ್ಟರಲ್ಲಿ ಇನ್ನೂ ಹತ್ತು ಸೇತುವೆ ಬೇಕಾಗುತ್ತವೆ. ಬೆಳೆಯುವ ದೇಶದಲ್ಲಿ ಹಳೆಯ ಕಬ್ಬಿಣ ಯಾವಾಗಲೂ ಬೇಡಿಕೆಗಿಂತ ಹಿಂದೆ ಇರುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಉಕ್ಕಿನ ಗುಜರಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ಅದರಿಂದ ಗಣಿಗಳೇನೂ ಮುಚ್ಚಲಿಲ್ಲ. ಆದರೆ ಎಷ್ಟು ಬೆಟ್ಟ, ಎಷ್ಟು ಬೇಗ ಒಡೆಯಬೇಕು ಎಂಬ ಪ್ರಶ್ನೆಯಲ್ಲಿ ಹಿತ್ತಲಿನ ಗುಜರಿಗೂ ಪಾಲಿದೆ. ತಡ ಮಾಡಿದರೆ ಆ ಪಾಲೂ ಹೋಗುತ್ತದೆ. ತುಕ್ಕೆಂದರೆ ಕಬ್ಬಿಣ ಮತ್ತೆ ಆಮ್ಲಜನಕವನ್ನು ಕೂಡಿ ಅದಿರಾಗುವುದು. ಬೆಟ್ಟದಲ್ಲಿ ಅದು ಒಂದೆಡೆ ಇತ್ತು, ತುಕ್ಕಾದ ಮೇಲೆ ಮಣ್ಣಿನಲ್ಲಿ ಚೆದುರಿ ಯಾರ ಕೈಗೂ ಸಿಗುವುದಿಲ್ಲ. ಕಳಸದ ಮಳೆಗೆ ಈ ಕೆಲಸ ಮಾಡಲು ಹೆಚ್ಚು ವರ್ಷ ಬೇಕಾಗಿಲ್ಲ.

ಲಕ್ಯಾದ ಕೆಸರಿನಲ್ಲೂ ಇನ್ನೂ ಕಬ್ಬಿಣ ಉಳಿದಿದೆ. ಮೇಲೆ ಕೊಟ್ಟ ಅಂಕಿಗಳಿಂದ ಅದು ಶೇಕಡಾ ಎಷ್ಟು ಎಂದು ನೀವೇ ಕಂಡುಹಿಡಿಯಬಹುದು, ಉತ್ತರ ಇಪ್ಪತ್ತರ ಮೇಲೆ ಬರುತ್ತದೆ. ಅದನ್ನೂ ಮರುಬಳಕೆ ಎಂಬ ಹೆಸರಿನಲ್ಲಿ ಏಕೆ ತೆಗೆಯಬಾರದು ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಉದ್ಯಾನದ ನಡುವೆ ನಿಂತು ಕೂತ ಕೆಸರನ್ನು ಮತ್ತೆ ಕಲಕುವುದು, ಲಾರಿ ಓಡಿಸುವುದು ಗಣಿಗಾರಿಕೆಗಿಂತ ಬಹಳ ಬೇರೆಯಲ್ಲ ಎಂಬುದು ನನ್ನ ಅಭಿಪ್ರಾಯ. ಮಂಗಳೂರಿನ ಪೆಲೆಟ್ ಕಾರ್ಖಾನೆಗೆ ಕುದುರೆಮುಖದ ಅದಿರು ನಿಂತ ಮೇಲೆ ಬಳ್ಳಾರಿ ಕಡೆಯಿಂದಲೂ ದೂರದ ಛತ್ತೀಸಗಢದಿಂದಲೂ ಅದಿರು ತರಿಸಲಾಯಿತು. ಭದ್ರೆಯ ದಡದ ಬೆಟ್ಟ ಉಳಿಯಿತು, ಒಡೆದದ್ದು ಬೇರೆ ಯಾವುದೋ ನದಿಯ ದಡದ ಬೆಟ್ಟ.