ಹೋಗಿ ಬರುತ್ತೇನೆ

ಮನೆಯಿಂದ ಹೊರಡುವವರು ಬಾಗಿಲಲ್ಲಿ ನಿಂತು 'ಹೋಗ್ತೀನಿ' ಎಂದರೆ ಹಿರಿಯರು ಥಟ್ಟನೆ ತಿದ್ದುತ್ತಾರೆ: 'ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನು.' ಹೋಗುವುದು ಅರ್ಧ ಮಾತು. ಬರುವುದು ಸೇರಿದರೇ ಅದು ಪೂರ್ತಿ. ಅಮೆರಿಕದ ಗಗನಯಾತ್ರಿ ಜಿಮ್ ಲೊವೆಲ್ ಅವರ ಬದುಕನ್ನು ಓದಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅಪೊಲೊ ಯಾತ್ರೆಗಳಲ್ಲಿ ಚಂದ್ರನ ಬಳಿಗೆ ಎರಡು ಸಲ ಹೋದವರು ಮೂವರೇ. ಅವರಲ್ಲಿ ಒಮ್ಮೆಯೂ ಅಲ್ಲಿ ಕಾಲಿಡದೆ ಬಂದವರು ಲೊವೆಲ್ ಒಬ್ಬರೇ. ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರು ಎಂದು ನಾವು ಶಾಲೆಯಲ್ಲಿ ಕೇಳಿ ಒಂದು ಅಂಕ ಕೊಡುತ್ತೇವೆ. ಕಾಲಿಡದೆ ಬಂದವರ ಹೆಸರನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಲೊವೆಲ್ ಹುಟ್ಟಿದ್ದು 1928ರಲ್ಲಿ, ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಚಿಕ್ಕವರಿದ್ದಾಗಲೇ ತಂದೆ ಕಾರು ಅಪಘಾತದಲ್ಲಿ ತೀರಿಕೊಂಡರು. ತಾಯಿ ಬ್ಲಾಂಚ್ ಒಬ್ಬರೇ ಮಗನನ್ನು ಬೆಳೆಸಿದರು. ಮಿಲ್ವಾಕಿಯ ಹೈಸ್ಕೂಲಿನಲ್ಲಿ ಓದುವಾಗ ರಾಕೆಟ್ಟಿನ ಹುಚ್ಚು ಹತ್ತಿತು. ಮ್ಯಾರಿಲಿನ್ ಎಂಬ ಹುಡುಗಿಯ ಪರಿಚಯವೂ ಆಯಿತು. ಅವರು ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ ಸೇರಿದಾಗ, ಶಿಕ್ಷಕರ ಕಾಲೇಜಿನಲ್ಲಿದ್ದ ಮ್ಯಾರಿಲಿನ್ ಹತ್ತಿರವಿರಲೆಂದು ವಾಷಿಂಗ್ಟನ್ನಿನ ವಿಶ್ವವಿದ್ಯಾಲಯಕ್ಕೆ ಬಂದರು. 1952ರ ಜೂನ್ 6ರಂದು ಬೆಳಿಗ್ಗೆ ಪದವಿ, ಕೆಲವೇ ಗಂಟೆಗಳಲ್ಲಿ ಮದುವೆ!

ನೌಕಾಪಡೆಯ ವೈಮಾನಿಕರ ಕಷ್ಟವೇ ಬೇರೆ. ಅವರು ಇಳಿಯಬೇಕಾದ ನೆಲ ನೀರಿನ ಮೇಲೆ ಓಡುತ್ತಿರುತ್ತದೆ. ಜಪಾನಿನ ಸಮುದ್ರದ ಮೇಲೆ ಒಂದು ಕತ್ತಲ ರಾತ್ರಿ ಲೊವೆಲ್ ಒಬ್ಬರೇ ಹಾರುತ್ತಿದ್ದಾಗ ಹಡಗಿನ ದಾರಿ ತಪ್ಪಿತು. ನಕ್ಷೆ ನೋಡಲು ತಾವೇ ಮಾಡಿಕೊಂಡಿದ್ದ ಪುಟ್ಟ ದೀಪವನ್ನು ಹಚ್ಚಿದರೆ, ಶಾರ್ಟ್ ಆಗಿ ವಿಮಾನದೊಳಗಿನ ದೀಪಗಳೂ ಆರಿಹೋದವು. ಆ ಗಾಢ ಕತ್ತಲಲ್ಲಿ ಕೆಳಗೆ ಮಸುಕಾದ ಹಸಿರು ಗೆರೆಯೊಂದು ಕಂಡಿತು. ಹಡಗು ಕಲಕಿದ ನೀರಿನಲ್ಲಿ ಹೊಳೆಯುತ್ತಿದ್ದ ಸೂಕ್ಷ್ಮಜೀವಿಗಳ ಬೆಳಕದು. ಆ ಗೆರೆಯನ್ನೇ ಹಿಡಿದು ಹಡಗಿಗೆ ಮರಳಿದರು. ಒಳಗಿನ ದೀಪ ಉರಿಯುತ್ತಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಮೊದಲ ಗಗನಯಾತ್ರಿಗಳ ಆಯ್ಕೆಯಲ್ಲಿ ರಕ್ತದ ಬಿಲಿರುಬಿನ್ ತುಸು ಹೆಚ್ಚಿದೆಯೆಂದು ಅವರನ್ನು ಕೈಬಿಟ್ಟರು. 1962ರಲ್ಲಿ ಎರಡನೆಯ ಗುಂಪಿನಲ್ಲಿ ಅವಕಾಶ ದೊರೆಯಿತು. 1965ರ ಡಿಸೆಂಬರಿನಲ್ಲಿ ಜೆಮಿನಿ 7 ನೌಕೆಯಲ್ಲಿ ಹದಿನಾಲ್ಕು ದಿನ ಭೂಮಿಯನ್ನು ಸುತ್ತಿದರು. ಆಗ ಮನೆಯಲ್ಲಿ ಮ್ಯಾರಿಲಿನ್ ತುಂಬು ಗರ್ಭಿಣಿ. ನಾಲ್ಕನೆಯ ಮಗು ಹುಟ್ಟಿದ್ದು ಮರುತಿಂಗಳು. ಆಕಾಶದಲ್ಲಿದ್ದವರ ದಿನಗಳನ್ನು ಲೋಕವೇ ಎಣಿಸಿತು. ಈಕೆಯ ದಿನಗಳನ್ನು ಎಣಿಸಿದವರು ಯಾರು?

1968ರ ಡಿಸೆಂಬರಿನಲ್ಲಿ ಅಪೊಲೊ 8 ಚಂದ್ರನನ್ನು ಹತ್ತು ಸುತ್ತು ಸುತ್ತಿ ಬಂತು. ಮನುಷ್ಯರು ಚಂದ್ರನ ಬಳಿಗೆ ಹೋದದ್ದು ಅದೇ ಮೊದಲು. 'ಶಾಂತಿ ಸಾಗರ' ಎಂದು ಕರೆಯುವ ಬಯಲಿನ ಅಂಚಿನಲ್ಲಿ ಕಂಡ ತ್ರಿಕೋನಾಕಾರದ ಬೆಟ್ಟಕ್ಕೆ ಲೊವೆಲ್ ಹೆಂಡತಿಯ ಹೆಸರಿಟ್ಟರು: ಮೌಂಟ್ ಮ್ಯಾರಿಲಿನ್.

1970ರ ಏಪ್ರಿಲ್ 11ರಂದು ಅಪೊಲೊ 13ರ ನಾಯಕರಾಗಿ ಹೊರಟರು. ಈ ಸಲ ಇಳಿಯುವುದೇ ಎಂದಾಗಿತ್ತು. 13ರ ರಾತ್ರಿ ನೌಕೆಯಿಂದ ಅವರು ಕಳಿಸಿದ ಟಿವಿ ಕಾರ್ಯಕ್ರಮವನ್ನು ದೊಡ್ಡ ಟಿವಿ ಸಂಸ್ಥೆಗಳು ಪ್ರಸಾರ ಮಾಡಲಿಲ್ಲ. ಚಂದ್ರಯಾನ ಆಗಲೇ ಹಳತಾಗಿತ್ತು. ಮ್ಯಾರಿಲಿನ್ ನಿಯಂತ್ರಣ ಕೇಂದ್ರಕ್ಕೇ ಹೋಗಿ ನೋಡಿದರು. ಅದು ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ, ಭೂಮಿಯಿಂದ ಸುಮಾರು 3,20,000 ಕಿಲೋಮೀಟರ್ ದೂರದಲ್ಲಿ ಆಮ್ಲಜನಕದ ತೊಟ್ಟಿ ಸಿಡಿಯಿತು.

ಚಂದ್ರನ ಮೇಲೆ ಇಳಿಯಲೆಂದು ಜೊತೆಗಿದ್ದ ಪುಟ್ಟ ವಾಹನವೇ ಪ್ರಾಣ ಉಳಿಸುವ ದೋಣಿಯಾಯಿತು. ಇಬ್ಬರಿಗೆ ಎರಡು ದಿನಕ್ಕೆಂದು ಮಾಡಿದ್ದರಲ್ಲಿ ಮೂವರು ನಾಲ್ಕು ದಿನ ಬದುಕಬೇಕಿತ್ತು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಲೋಟಕ್ಕಿಂತ ಕಡಿಮೆ ನೀರು. ಸುತ್ತ ಕೊರೆಯುವ ಚಳಿ. ಕೆಟ್ಟ ಗಾಳಿ ತೆಗೆಯುವ ಚೌಕನೆಯ ಡಬ್ಬಿಗಳನ್ನು ದುಂಡನೆಯ ತೂತಿಗೆ ಹೊಂದಿಸಲು ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿಗಳೇ ಗತಿ. ಇದ್ದುದರಲ್ಲೇ ಸರಿದೂಗಿಸುವ ಈ ಜಾಣ್ಮೆಯನ್ನು ಅಡುಗೆಮನೆ ಬಲ್ಲ ನಮಗೆ ಯಾರೂ ವಿವರಿಸಬೇಕಿಲ್ಲ!

ಅಪಘಾತದ ಸುದ್ದಿ ಹಬ್ಬಿದ್ದೇ ತಡ, ಮುಖ ತಿರುಗಿಸಿದ್ದ ಟಿವಿಯವರು ಮ್ಯಾರಿಲಿನ್ ಮನೆಯಂಗಳದಲ್ಲಿ ಸಲಕರಣೆ ಹೂಡಲು ಬಂದರು. ಆಕೆ ಒಪ್ಪಲಿಲ್ಲ. ತಕರಾರಿದ್ದರೆ ನನ್ನ ಯಜಮಾನರನ್ನೇ ಕೇಳಿ, ಅವರು ಶುಕ್ರವಾರ ಮನೆಗೆ ಬರುತ್ತಾರೆ ಎಂದರಂತೆ. ಬರುತ್ತಾರೋ ಇಲ್ಲವೋ ಎಂದು ಲೋಕವೇ ನಡುಗುತ್ತಿದ್ದಾಗ ಆಡಿದ ಮಾತು ಅದು. ಏಪ್ರಿಲ್ 17, ಶುಕ್ರವಾರ, ಮೂವರೂ ದಕ್ಷಿಣ ಪೆಸಿಫಿಕ್ ಸಾಗರದಲ್ಲಿ ಕ್ಷೇಮವಾಗಿ ಇಳಿದರು.

ಲೊವೆಲ್ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ. 1973ರಲ್ಲಿ ನಿವೃತ್ತರಾದರು. ಅವರ ಪುಸ್ತಕ ಆಧರಿಸಿ 1995ರಲ್ಲಿ ಬಂದ 'ಅಪೊಲೊ 13' ಚಿತ್ರದಿಂದ ಆ ನಾಲ್ಕು ದಿನಗಳ ಕಥೆ ಹೊಸ ತಲೆಮಾರಿಗೂ ತಲುಪಿತು. ಗುರಿ ಮುಟ್ಟದ ಆ ಯಾತ್ರೆಯನ್ನು ಸೋಲೆಂದು ಕರೆಯಲು ನನಗಂತೂ ಮನಸ್ಸು ಬರದು. ಕನಸನ್ನು ಕಣ್ಣೆದುರೇ ಬಿಟ್ಟುಕೊಟ್ಟು ಜೊತೆಯವರನ್ನು ಮನೆಗೆ ತಲುಪಿಸುವುದು ಗೆಲುವಲ್ಲದೆ ಮತ್ತೇನು?

ಮೌಂಟ್ ಮ್ಯಾರಿಲಿನ್ ಎಂಬ ಹೆಸರಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮುದ್ರೆ ಬಿದ್ದದ್ದು 2017ರಲ್ಲಿ. ಮ್ಯಾರಿಲಿನ್ 2023ರ ಆಗಸ್ಟಿನಲ್ಲಿ ತೀರಿಕೊಂಡರು. ಲೊವೆಲ್ 2025ರ ಆಗಸ್ಟಿನಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ. ಗಂಡನ ಹೆಜ್ಜೆ ಮೂಡದ ಚಂದ್ರನ ಮೇಲೆ, ಮನೆಯಲ್ಲಿದ್ದು ಕಾದ ಹೆಂಡತಿಯ ಹೆಸರು ಉಳಿದಿದೆ.