ಬೆಣೆ, ಬಿರಡೆ ಮತ್ತು ಬಾಲ್ ಜಾಯಿಂಟ್

ಹಳೇ ಕಾರುಗಳ ಬಗ್ಗೆ ಬರೆಯೋರು ಇಂಜಿನ್ ಬಗ್ಗೆ ಬರೀತಾರೆ, ಬಣ್ಣದ ಬಗ್ಗೆ ಬರೀತಾರೆ. ಚಕ್ರವನ್ನು ಕಾರಿಗೆ ಹಿಡಿದಿಟ್ಟಿರೋ ಕೀಲಿನ ಬಗ್ಗೆ ಬರೆಯೋರು ಕಡಿಮೆ. ಅದನ್ನು ಬಿಚ್ಚೋ ಟೂಲುಗಳ ಬಗ್ಗೆಯಂತೂ ಕೇಳಲೇಬೇಡಿ! ನನಗೆ ಮಾತ್ರ ಅದರಲ್ಲೇ ಒಂದು ಇತಿಹಾಸ ಕಾಣುತ್ತೆ. ಕೀಲು ಯಾವ ಕಾಲದ್ದು ಅಂತ ಗೊತ್ತಾದರೆ ಯಾವ ಟೂಲು ಬೇಕು ಅನ್ನೋದೂ ಹೆಚ್ಚುಕಮ್ಮಿ ಗೊತ್ತಾದ ಹಾಗೆಯೇ.

ಮೊದಲಿದ್ದದ್ದು ಕಿಂಗ್ ಪಿನ್. ನೆಟ್ಟಗೆ ನಿಂತ ಒಂದು ಉಕ್ಕಿನ ಗೂಟ. ತಿರುಗುಣಿಯ ಮೇಲೆ ಬಾಗಿಲು ತಿರುಗುವ ಹಾಗೆ ಮುಂದಿನ ಚಕ್ರ ಅದರ ಸುತ್ತ ತಿರುಗುತ್ತಿತ್ತು. ಇದನ್ನು ತೆಗೆಯೋಕೆ ಅಡ್ಡ ಬೆಣೆ ಬಿಚ್ಚಿ, ಸರಳು ಇಟ್ಟು ಸುತ್ತಿಗೆಯಲ್ಲಿ ಹೊಡೀಬೇಕು. ಬಗ್ಗಲಿಲ್ಲವೋ, ಪ್ರೆಸ್ಸಿಗೆ ಕೊಡಬೇಕು. ಇಲ್ಲಿ ಬಲವೇ ಪ್ರಧಾನ.

1948ರಲ್ಲಿ ಬಂದ ಮಾರಿಸ್ ಮೈನರ್‌ನಲ್ಲಿ ಅಲೆಕ್ ಇಸಿಗೋನಿಸ್ ಈ ಗೂಟದ ತುದಿಗಳಿಗೆ ಥ್ರೆಡ್ ಕೊಟ್ಟು ಟ್ರನಿಯನ್ ಕೂರಿಸಿದರು. ಇದಕ್ಕೆ ಬೇಕಾದ ಮುಖ್ಯ ಟೂಲು ಗ್ರೀಸ್ ಗನ್! ಗ್ರೀಸ್ ಇಲ್ಲದೆ ಕೆಳಗಿನ ಥ್ರೆಡ್ ಸವೆದರೆ ಕೀಲು ಕಳಚಿ ಚಕ್ರ ಮಡಚಿಕೊಂಡು ಕಾರು ಅಲ್ಲೇ ಕುಸಿಯುತ್ತೆ. ಮೈನರ್ ಇಟ್ಟುಕೊಂಡೋರಿಗೆಲ್ಲ ಈ ಭಯ ಇದ್ದೇ ಇದೆ.

ಆಮೇಲೆ ಬಂತು ಬಾಲ್ ಜಾಯಿಂಟ್. ಅಮೆರಿಕದಲ್ಲಿ 1952ರ ಲಿಂಕನ್, 1954ರ ಫೋರ್ಡ್ ಕಾರುಗಳು ಕಿಂಗ್ ಪಿನ್ ಬಿಟ್ಟು ಇದಕ್ಕೆ ಬಂದವು. 1959ರಲ್ಲಿ ಅದೇ ಇಸಿಗೋನಿಸ್ ಮಿನಿ ಮಾಡಿದಾಗ ಮುಂದಿನ ಚಕ್ರಕ್ಕೇ ಇಂಜಿನ್ ಶಕ್ತಿ ಹೋಗಬೇಕಿತ್ತು. ಗೂಟ ಇರುತ್ತಿದ್ದ ಜಾಗದಲ್ಲಿ ಈಗ ಶಾಫ್ಟ್ ಹಾದುಹೋಗಬೇಕು. ಹಾಗಾಗಿ ಮೇಲೊಂದು ಕೆಳಗೊಂದು ಬಾಲ್ ಜಾಯಿಂಟ್, ನಡುವೆ ದಾರಿ ಖಾಲಿ!

ಬಾಲ್ ಜಾಯಿಂಟಿನ ಗುಟ್ಟು ಅದರ ಪಿನ್ನಿನಲ್ಲಿದೆ. ಅದು ತುದಿಗೆ ಬರುತ್ತಾ ಸಣ್ಣಗಾಗುತ್ತೆ, ಗಾಜಿನ ಸೀಸೆಯ ಬಿರಡೆ ಥರ. ಓರೆ ಬಹಳ ಕಡಿಮೆ ಇರೋದರಿಂದ ಒಮ್ಮೆ ಬಿಗಿದರೆ ಘರ್ಷಣೆಯೇ ಹಿಡಿದುಕೊಳ್ಳುತ್ತೆ, ನಟ್ಟು ತೆಗೆದರೂ ಬಿಡೋದಿಲ್ಲ. ಇಲ್ಲಿ ಬರೀ ಬಲ ಸಾಲದು, ಉಪಾಯ ಬೇಕು. ಉಪಾಯಗಳು ಮೂರು.

ಒಂದು, ಪಿಕಲ್ ಫೋರ್ಕ್. ಕವಲೊಡೆದ ಬೆಣೆ ಇದು. (ನಾವು ಉಪ್ಪಿನಕಾಯಿ ಕೈಯಲ್ಲೇ ತಿನ್ನೋರು ಬಿಡಿ :) ) ಸಂದಿಗಿಟ್ಟು ಹೊಡೆದರೆ ಕೀಲು ಬೇಗ ಬಿಡುತ್ತೆ, ಆದರೆ ರಬ್ಬರ್ ಬೂಟು ಸಾಮಾನ್ಯವಾಗಿ ಹರಿದೇಹೋಗುತ್ತೆ. ಹೇಗೂ ಜಾಯಿಂಟ್ ಎಸೆಯೋದೇ ಆದರೆ ಸರಿ.

ಎರಡು, ಪುಲ್ಲರ್. ಸ್ಕ್ರೂ ಬಿಗಿದು ಪಿನ್ನಿನ ತುದಿಯನ್ನು ಒತ್ತುವಂಥದ್ದು. ಇದರಲ್ಲಿ ಬೂಟು ಉಳಿಯುತ್ತೆ. ಕೊಳ್ಳುವಾಗ ಬಾಯಿಯ ಅಗಲ ನೋಡಿಕೊಳ್ಳಿ. ದೊಡ್ಡ ಕಾರಿನ ಪುಲ್ಲರ್ ಮಿನಿಯ ಇಕ್ಕಟ್ಟಿನಲ್ಲಿ ಹೋಗದೇ ಇರಬಹುದು.

ಮೂರು, ಎರಡು ಸುತ್ತಿಗೆ. ಪಿನ್ ಕೂತಿರೋ ಉಕ್ಕಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿಹಿಡಿದು ಇನ್ನೊಂದು ಪಕ್ಕಕ್ಕೆ ಹೊಡೆಯೋದು. ಸಿಕ್ಕಿಕೊಂಡ ಬಿರಡೆಗೆ ಸೀಸೆಯ ಕತ್ತು ತಟ್ಟುತ್ತೀವಲ್ಲ, ಅದೇ ಲೆಕ್ಕ. ಅಲ್ಯೂಮಿನಿಯಂ, ಬೀಡುಕಬ್ಬಿಣದ ಭಾಗಗಳಿಗೆ ಮಾತ್ರ ಇದು ಬೇಡ, ಬಿರುಕು ಬಿಡಬಹುದು.

ಯಾವುದನ್ನೇ ಬಳಸಿ, ಸ್ಪ್ಲಿಟ್ ಪಿನ್ ತೆಗೆದ ಮೇಲೆ ನಟ್ಟನ್ನು ಸಡಿಲ ಮಾಡಿ ನಾಲ್ಕಾರು ಸುತ್ತು ಹಾಗೇ ಬಿಡಿ. ಕಾರು ಗಟ್ಟಿ ಸ್ಟ್ಯಾಂಡಿನ ಮೇಲಿರಲಿ. ಮೈನರ್‌ನ ಟಾರ್ಷನ್ ಬಾರ್ ಆಗಲಿ, ಮಿನಿಯ ರಬ್ಬರ್ ಸ್ಪ್ರಿಂಗ್ ಆಗಲಿ ಒಳಗೆ ಬಿಗಿದುಕೊಂಡೇ ಕೂತಿರುತ್ತೆ. ಅದನ್ನು ಮೊದಲು ತಡೆದು ನಿಲ್ಲಿಸದೆ ಕೀಲು ಬಿಟ್ಟರೆ ಕೈಯೇ ಹೋದೀತು. ಗ್ಯಾಸ್ ಬೆಂಕಿಯನ್ನಂತೂ ಹತ್ತಿರ ತರಬೇಡಿ. ಗ್ರೀಸ್, ರಬ್ಬರ್ ಎರಡೂ ಸುಡುತ್ತೆ, ಉಕ್ಕಿಗೆ ಕೊಟ್ಟ ಹದವೂ ಕೆಡುತ್ತೆ.

ನಮ್ಮ ಅಂಬಾಸಿಡರ್ 2014ರಲ್ಲಿ ನಿಂತುಹೋಯ್ತು. ಅದರ ಸ್ಟೀರಿಂಗ್ ಟೈ ರಾಡ್ ತುದಿಯಲ್ಲೂ ಇರೋದು ಇದೇ ಓರೆ ಪಿನ್. ಕಾರ್ಖಾನೆ ಮುಚ್ಚಿದ ಕಾರಿಗೆ ಒಂದೊಂದು ಬಿಡಿಭಾಗವೂ ಲೆಕ್ಕಕ್ಕೆ ಬರುತ್ತೆ. ಮುಂದೆ ಬಿಚ್ಚುವವನಿಗೂ ಅದು ಉಳಿದಿರಬೇಕಲ್ಲ? ಅದಕ್ಕೇ ನನ್ನ ಓಟು ಪುಲ್ಲರ್‌ಗೆ.

ನಿಮ್ಮೂರಿನ ಗ್ಯಾರೇಜಿನಲ್ಲಿ ಈ ಟೂಲುಗಳಿಗೆ ಏನಂತಾರೆ? ಗೊತ್ತಿದ್ದರೆ ಬರೆದು ತಿಳಿಸಿ.